‘ಟಿನ್ ಕಪ್’ ಸಿನಿಮಾದ ಕೊನೆಯ ಹೋಲ್: ಆ 12 ಸರಿಯಾ, ತಪ್ಪಾ?

ಸಂಜೆಮಳೆ

ನಿನ್ನೆ ರಾತ್ರಿ ‘ಟಿನ್ ಕಪ್’ ಮತ್ತೆ ನೋಡಿದೆ. 1996ರ ಗಾಲ್ಫ್ ಸಿನಿಮಾ. ರಾನ್ ಶೆಲ್ಟನ್ ನಿರ್ದೇಶನ, ಕೆವಿನ್ ಕಾಸ್ಟ್ನರ್ ಹೀರೋ. ಮೊದಲ ಸಲ ನೋಡಿದಾಗ ನಾನು ಕಾಲೇಜಿನಲ್ಲಿದ್ದೆ. ಕೊನೆಯ ದೃಶ್ಯಕ್ಕೆ ಎದ್ದು ನಿಂತು ಚಪ್ಪಾಳೆ ಹೊಡೆದಿದ್ದೆ. ನಿನ್ನೆ ಹಾಗಾಗಲಿಲ್ಲ. ಬಾಲು ಮೇಲೆ ಬಾಲು ನೀರಿಗೆ ಬೀಳುವಾಗ ನನಗೆ ಸಿಟ್ಟು ಬಂತು. ಟಿವಿ ಆರಿಸಿ ಎದ್ದು ಹೋಗೋಣ ಅನ್ನಿಸಿತು. ಆಮೇಲೆ ಕೊನೆಯ ಬಾಲು ಗುಳಿಗೆ ಬಿದ್ದಾಗ ಕಣ್ಣು ತುಂಬಿತು. ಎರಡೂ ನಿಜ. ಎರಡೂ ಒಂದೇ ದೃಶ್ಯದಲ್ಲಿ. ಬೆಳಿಗ್ಗೆಯಿಂದ ಇದೇ ತಲೆಯಲ್ಲಿದೆ.

ನೋಡದವರಿಗೆ ಕಥೆ ಹೇಳಿಬಿಡುತ್ತೇನೆ. ಕೊನೆ ಗೊತ್ತಾಗಬಾರದು ಅನ್ನುವವರು ಇಲ್ಲಿಗೇ ನಿಲ್ಲಿಸಿ, ಸಿನಿಮಾ ನೋಡಿ ಬನ್ನಿ.

ರಾಯ್ ಮೆಕಾವೊಯ್ ಪಶ್ಚಿಮ ಟೆಕ್ಸಾಸಿನ ಸಲೋಮ್ ಅನ್ನುವ ಊರಲ್ಲಿ ಡ್ರೈವಿಂಗ್ ರೇಂಜ್ (ಗಾಲ್ಫ್ ಹೊಡೆತ ಅಭ್ಯಾಸ ಮಾಡುವ ಬಯಲು) ಇಟ್ಟುಕೊಂಡು ಗಾಲ್ಫ್ ಹೇಳಿಕೊಡುವವನು. ಕೈಯಲ್ಲಿ ದೇವರು ಕೊಟ್ಟ ಆಟ ಇದೆ. ತಲೆ ಮಾತ್ರ ಯಾರ ಮಾತೂ ಕೇಳುವುದಿಲ್ಲ. ಕಾಲೇಜು ಮುಗಿದ ಮೇಲೆ ವೃತ್ತಿಪರ ಆಟಗಾರರ ಟೂರ್ ಸೇರುವ ಅವಕಾಶವನ್ನು ಇದೇ ಹಟದಿಂದ ಕಳೆದುಕೊಂಡಿದ್ದಾನೆ. ಅವನ ಜೊತೆ ಕಾಲೇಜಿನಲ್ಲಿ ಆಡಿದ ಡೇವಿಡ್ ಸಿಮ್ಸ್ ದೊಡ್ಡ ಆಟಗಾರನಾಗಿದ್ದಾನೆ. ಸಿಮ್ಸ್‌ನ ಗೆಳತಿ ಮಾಲಿ ಮನಶ್ಶಾಸ್ತ್ರಜ್ಞೆ. ಅವಳು ರಾಯ್ ಹತ್ತಿರ ಗಾಲ್ಫ್ ಕಲಿಯಲು ಬರುತ್ತಾಳೆ. ಅವಳ ಮನಸ್ಸು ಗೆಲ್ಲಲು ರಾಯ್ ಗಾಲ್ಫಿನ ದೊಡ್ಡ ಟೂರ್ನಿಯಾದ ಯುಎಸ್ ಓಪನ್‌ಗೆ ಇಳಿಯುತ್ತಾನೆ. ಗಾಲ್ಫಿನಲ್ಲಿ ಹೊಡೆತ ಕಡಿಮೆ ಆದಷ್ಟೂ ಒಳ್ಳೆಯದು. ಮೊದಲ ದಿನ 83 ಹೊಡೆತ. ಎರಡನೇ ದಿನ 62. ಕೊನೆಯ ದಿನ, ಕೊನೆಯ ಹೋಲ್. ಪಾರ್ 5. ನಾಲ್ಕರಲ್ಲಿ ಮುಗಿಸಿದರೆ ಗೆಲುವು. ಐದರಲ್ಲಿ ಮುಗಿಸಿದರೆ ಪ್ಲೇಆಫ್, ಅಂದರೆ ಸಮ ಬಂದವರ ನಡುವೆ ಮತ್ತೆ ಆಟ. ಅವನು ಮುಗಿಸುವುದು 12ರಲ್ಲಿ.

ನನ್ನ ಪ್ರಶ್ನೆ ಇಷ್ಟೇ. ಅದು ಧೈರ್ಯವಾ, ಹಟವಾ? ಸಿನಿಮಾ ನಮ್ಮನ್ನು ಸುಮ್ನೆ ಅಳಿಸಿ ಒಪ್ಪಿಸಿಬಿಡುತ್ತಿದೆಯಾ?

ಹೊಸಬ

ಮೇಡಂ, ನನಗೆ ಗಾಲ್ಫ್ ಗೊತ್ತಿಲ್ಲ. ಪಾರ್, ಲೇ ಅಪ್ ಎಲ್ಲಾ ಏನು? ಯಾರಾದರೂ ಬಿಡಿಸಿ ಹೇಳಿ. ಸಿನಿಮಾ ನೋಡಿದ್ದೇನೆ, ಅತ್ತಿದ್ದೇನೆ. ಆದರೆ ಅವನು ಏನು ತಪ್ಪು ಮಾಡಿದ ಅಂತಲೇ ಅರ್ಥ ಆಗಿರಲಿಲ್ಲ.

ಡಲ್ಲಾಸ್ ಕನ್ನಡಿಗ

ಹೊಸಬ ಅವರೇ, ಹೀಗೆ ನೋಡಿ. ಪಾರ್ 5 ಅಂದರೆ ಒಳ್ಳೆ ಆಟಗಾರ ಐದು ಹೊಡೆತದಲ್ಲಿ ಬಾಲನ್ನು ಗುಳಿಗೆ ಹಾಕಬೇಕು. ಮೂರು ಹೊಡೆತದಲ್ಲಿ ಗ್ರೀನ್, ಅಂದರೆ ಗುಳಿ ಸುತ್ತಲಿನ ನುಣುಪು ಹುಲ್ಲಿನ ಮೇಲೆ ಬರುವುದು, ಆಮೇಲೆ ಎರಡು ಪಟ್, ಅಂದರೆ ಬಾಲನ್ನು ಗುಳಿ ಕಡೆ ಉರುಳಿಸುವ ಮೆಲ್ಲನೆಯ ಹೊಡೆತ. ಬಲ ಇದ್ದವನು ಎರಡೇ ಹೊಡೆತದಲ್ಲಿ ಗ್ರೀನ್ ಮುಟ್ಟಬಹುದು. ಆದರೆ ಈ ಹೋಲ್‌ನಲ್ಲಿ ಗ್ರೀನ್ ಮುಂದೆಯೇ ನೀರು. ಎರಡನೇ ಹೊಡೆತವನ್ನು ನೀರಿನ ಈಚೆ ನಿಲ್ಲಿಸಿ, ಮೂರನೆಯದರಲ್ಲಿ ಸಣ್ಣ ಕ್ಲಬ್ಬಿನಿಂದ (ಗಾಲ್ಫ್ ಕೋಲಿನಿಂದ) ದಾಟಿಸುವುದಕ್ಕೆ ಲೇ ಅಪ್ ಅನ್ನುತ್ತಾರೆ. ಮಳೆಗಾಲದಲ್ಲಿ ಹಳ್ಳ ತುಂಬಿದಾಗ ಒಂದು ಫರ್ಲಾಂಗ್ ಸುತ್ತಿ ಸಂಕ ದಾಟುತ್ತೀರೋ, ಇಲ್ಲೇ ಹಾರುತ್ತೀರೋ? ರಾಯ್ ಹಾರುವವನು. ಸಿಮ್ಸ್ ಸಂಕದಲ್ಲಿ ಹೋಗುವವನು.

ನಾನು ಹನ್ನೊಂದು ವರ್ಷದಿಂದ ಟೆಕ್ಸಾಸಿನಲ್ಲಿದ್ದೇನೆ. ವಾರಕ್ಕೊಂದು ದಿನ ಆಡುತ್ತೇನೆ. ಪಶ್ಚಿಮ ಟೆಕ್ಸಾಸಿಗೆ ಕಾರಿನಲ್ಲಿ ಹೋದರೆ ಗಂಟೆಗಟ್ಟಲೆ ಬರೀ ಬಯಲು, ಎಣ್ಣೆ ಬಾವಿ, ಗಾಳಿ. ಸಲೋಮ್ ಕಥೆಗಾಗಿ ಕಟ್ಟಿದ ಊರು. ಚಿತ್ರೀಕರಣ ಆಗಿದ್ದು ಅರಿಜೋನಾದ ಟುಬಾಕ್‌ನಲ್ಲಿ ಮತ್ತು ಹ್ಯೂಸ್ಟನ್ ಹತ್ತಿರದ ಕಿಂಗ್‌ವುಡ್‌ನಲ್ಲಿ. ಆದರೆ ಆ ಮನುಷ್ಯನ ಸ್ವಭಾವ ಮಾತ್ರ ಅಪ್ಪಟ ಆ ಬಯಲಿನದು. ನೀರು ದಾಟಿಸಲು ರಾಯ್ ಹೊಡೆದ ಮೊದಲ ಬಾಲು ಗ್ರೀನ್ ಮುಟ್ಟುತ್ತದೆ. ಆಮೇಲೆ ಎದುರುಗಾಳಿ ಬೀಸಿ ಬಾಲು ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿ ನೀರಿಗೆ ಹೋಗುತ್ತದೆ. ಗಾಳಿಯಲ್ಲೇ ಬೆಳೆದವನಿಗೆ ಗಾಳಿಯೇ ಕೈಕೊಡುತ್ತದೆ. ಆ ಕ್ಷಣಕ್ಕೆ ನನ್ನ ಹೊಟ್ಟೆ ಈಗಲೂ ಕಿವುಚುತ್ತದೆ.

ಲೆಕ್ಕದ ಮೇಷ್ಟ್ರು

12 ಹೇಗೆ ಬಂತು ಅಂತ ಎಷ್ಟೋ ಜನರಿಗೆ ಗೊಂದಲ. ಎಣಿಸಿ ನೋಡೋಣ. ಹೋಲ್ ಶುರು ಮಾಡುವ ಉದ್ದ ಹೊಡೆತ, ಅಂದರೆ ಡ್ರೈವ್, ಒಂದು. ಎರಡನೇ ಹೊಡೆತ ನೀರಿಗೆ. ನೀರಿಗೆ ಹೋದರೆ ಒಂದು ಹೊಡೆತ ದಂಡ, ಅದು ಮೂರು. ಮತ್ತೆ ಹೊಡೆದದ್ದು ನಾಲ್ಕು, ನೀರಿಗೆ, ದಂಡ ಐದು. ಹೀಗೇ ಆರು, ಎಂಟು, ಹತ್ತು ಎಲ್ಲವೂ ನೀರಿಗೆ. ಹನ್ನೊಂದು ದಂಡ. ಹನ್ನೆರಡನೆಯದು ಗುಳಿಗೆ. ಅಂದರೆ ನೀರಿಗೆ ಐದು ಬಾಲು, ದಂಡ ಐದು, ಡ್ರೈವ್ ಒಂದು, ಒಳಗೆ ಹೋದದ್ದು ಒಂದು.

ಇದರಲ್ಲಿ ಒಂದು ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ. ಪಾರ್ ಮಾಡಿದ್ದರೆ ಪೀಟರ್ ಜೇಕಬ್‌ಸನ್ ಜೊತೆ ಸಮ ಆಗುತ್ತಿತ್ತು. 12 ಅಂದರೆ ಪಾರ್‌ಗಿಂತ ಏಳು ಜಾಸ್ತಿ. ಅಂದರೆ ರಾಯ್ ಸೋತದ್ದು ಏಳು ಹೊಡೆತದಿಂದ. ಆದರೂ ಮೊದಲ 15ರೊಳಗೆ ಬಂದು, ಮುಂದಿನ ವರ್ಷದ ಓಪನ್‌ಗೆ ನೇರವಾಗಿ ಅರ್ಹನಾಗುತ್ತಾನೆ. ಆ ನಾಲ್ಕು ದಿನ ಅವನು ಎಷ್ಟು ಚೆನ್ನಾಗಿ ಆಡಿದ್ದ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ. ಒಂದು ಹೋಲ್‌ನಲ್ಲಿ ಏಳು ಹೊಡೆತ ಎಸೆದರೂ ಅಷ್ಟು ಮೇಲೆ ಉಳಿದ.

ಡಲ್ಲಾಸ್ ಕನ್ನಡಿಗ

ಮೇಷ್ಟ್ರೇ, ಒಳ್ಳೆ ಲೆಕ್ಕ. ಅದಕ್ಕೆ ಒಂದು ಸೇರಿಸುತ್ತೇನೆ. ಮೊದಲ ಬಾಲು ನೀರಿಗೆ ಹೋದ ಮೇಲೂ ಪಾರ್ ಕೈಯಲ್ಲೇ ಇತ್ತು! ನಿಯಮದ ಪ್ರಕಾರ ಅವನು ಹಳೆಯ ಜಾಗದಿಂದಲೇ ಹೊಡೆಯಬೇಕು ಅಂತೇನಿಲ್ಲ. ಮುಂದೆ ನಡೆದು, ನೀರಿನ ಈಚೆ ದಡದಲ್ಲಿ ಡ್ರಾಪ್ ಮಾಡಬಹುದಿತ್ತು, ಅಂದರೆ ಕೈಯಿಂದ ಬಾಲು ಬೀಳಿಸಿ ಅಲ್ಲಿಂದ ಆಡಬಹುದಿತ್ತು. ಅಲ್ಲಿಂದ ವೆಜ್ ಅನ್ನುವ ಕ್ಲಬ್ಬಿನಲ್ಲಿ ಸಣ್ಣ ಹೊಡೆತ, ಅದು ನಾಲ್ಕು. ಒಂದು ಪಟ್, ಅದು ಐದು. ಪ್ಲೇಆಫ್. ಅವನು ಮಾಡಿದ್ದು ಏನು? ಅದೇ ಜಾಗದಲ್ಲಿ ನಿಂತು ದೂರ ಹೊಡೆಯುವ ಅದೇ ಕ್ಲಬ್ಬು, ತ್ರೀ ವುಡ್, ಕೇಳಿದ.

ಆದ್ದರಿಂದ ನನ್ನ ಮಟ್ಟಿಗೆ ಎರಡನೇ ಹೊಡೆತ ತಪ್ಪಲ್ಲ. ಅವನಿಗೆ ಅಷ್ಟು ದೂರ ಹೊಡೆಯುವ ಬಲ ಇತ್ತು. ಬಾಲು ಗ್ರೀನ್ ಮುಟ್ಟಿತು ಕೂಡ. ನಾಲ್ಕನೆಯದು ತಪ್ಪು.

ಟೆಸ್ಟ್ ಕ್ರಿಕೆಟ್ ಪ್ರೇಮಿ

ನನಗೆ ಈ ದೃಶ್ಯ ನೋಡಿದಾಗಲೆಲ್ಲಾ ಸೆಹ್ವಾಗ್ ನೆನಪಾಗುತ್ತಾರೆ. 2003ರ ಬಾಕ್ಸಿಂಗ್ ಡೇ ಟೆಸ್ಟ್, ಮೆಲ್ಬರ್ನ್. 195ರಲ್ಲಿ ಆಡುತ್ತಿದ್ದರು. ಸಿಕ್ಸರ್ ಹೊಡೆದು ದ್ವಿಶತಕ ಮಾಡಲು ಹೋಗಿ ಕ್ಯಾಚ್ ಕೊಟ್ಟರು. ಆ ದಿನ ನಮ್ಮ ಮನೆಯಲ್ಲಿ ಎಲ್ಲರೂ ಬೈದದ್ದೇ ಬೈದದ್ದು. ಒಂದೊಂದು ರನ್ ತೆಗೆದರೆ ಆಗುತ್ತಿರಲಿಲ್ಲವಾ ಅಂತ. ಮೂರು ತಿಂಗಳು ಕಳೆಯಿತು. ಮುಲ್ತಾನ್. 295ರಲ್ಲಿ ಇದ್ದರು. ಸಕ್ಲೇನ್ ಮುಷ್ತಾಕ್ ಬೌಲಿಂಗಿಗೆ ಮುಂದೆ ಬಂದು ಸಿಕ್ಸರ್ ಎತ್ತಿದರು. ಭಾರತದ ಮೊದಲ ತ್ರಿಶತಕ. ಬೈದವರೇ ಎದ್ದು ಕುಣಿದರು.

ಹೊಡೆತ ಒಂದೇ, ಮನುಷ್ಯ ಒಬ್ಬನೇ. ಬಾಲು ಎಲ್ಲಿ ಬಿತ್ತು ಅನ್ನುವುದು ಮಾತ್ರ ಬೇರೆ. ಆದ್ದರಿಂದ ರಾಯ್‌ನ ಕೊನೆಯ ಬಾಲು ನೀರಿಗೆ ಬಿದ್ದಿದ್ದರೆ ನಾವು ಏನು ಹೇಳುತ್ತಿದ್ದೆವು ಅಂತ ಯೋಚಿಸಿ. ಹುಚ್ಚ ಅನ್ನುತ್ತಿದ್ದೆವು, ಅಲ್ವಾ? ನಾನು ರಾಯ್ ಪರ. ಅಂಥವರಿಗೆ ಮೆಲ್ಬರ್ನ್ ಬೇಡ, ಮುಲ್ತಾನ್ ಮಾತ್ರ ಕೊಡು ಅಂತ ಕೇಳುವುದು ಸರಿಯಲ್ಲ.

ನೇರಳೆ ಹಣ್ಣು

ಸರ್, ನಿಮ್ಮ ಮಾತು ಚೆನ್ನಾಗಿದೆ. ಆದರೆ ಆ ಎರಡೂ ಸರಣಿಯಲ್ಲಿ ದ್ರಾವಿಡ್ ಕೂಡ ಇದ್ದರು. ಮೆಲ್ಬರ್ನ್‌ಗೆ ಮುಂಚಿನ ಟೆಸ್ಟ್‌ನಲ್ಲಿ, ಅಡಿಲೇಡ್‌ನಲ್ಲಿ, 233 ಮತ್ತು ಔಟಾಗದೆ 72. ಭಾರತ ಗೆದ್ದಿದ್ದು ಆ ತಾಳ್ಮೆಯಿಂದ. ಅದನ್ನು ಹೆದರಿಕೆ ಅಂತ ಕರೆಯುವ ಧೈರ್ಯ ಯಾರಿಗಾದರೂ ಇದೆಯಾ?

ಈ ಸಿನಿಮಾದ ಮೇಲೆ ನನ್ನ ಬೇಸರ ಇಲ್ಲೇ ಇರುವುದು. ಅದು ಸಿಮ್ಸ್‌ನನ್ನು ಕೆಟ್ಟವನನ್ನಾಗಿ ಮಾಡಿ, ಅವನ ಜೊತೆಗೆ ಲೇ ಅಪ್ಪನ್ನೂ ಕೆಟ್ಟದ್ದನ್ನಾಗಿ ಮಾಡುತ್ತದೆ. ಅವನು ಮಕ್ಕಳ ಜೊತೆ, ಮುದುಕರ ಜೊತೆ ಸಿಡುಕುತ್ತಾನೆ, ಆದ್ದರಿಂದ ಲೇ ಅಪ್ ಮಾಡುವವರೆಲ್ಲ ಹೀಗೆ ಅನ್ನುವ ಹಾಗೆ. ನಿಜವಾದ ಗಾಲ್ಫ್ ಹಾಗಿಲ್ಲ. 2007ರ ಮಾಸ್ಟರ್ಸ್ ಟೂರ್ನಿ ತೆಗೆದುಕೊಳ್ಳಿ. ಜಾಕ್ ಜಾನ್ಸನ್ ನಾಲ್ಕು ದಿನದ ಹದಿನಾರು ಪಾರ್ 5 ಹೋಲ್‌ಗಳಲ್ಲಿ ಒಂದು ಸಲವೂ ಎರಡರಲ್ಲಿ ಗ್ರೀನ್ ಮುಟ್ಟಲು ಹೋಗಲಿಲ್ಲ. ಎಲ್ಲಾ ಕಡೆ ಲೇ ಅಪ್. ಆ ಹೋಲ್‌ಗಳಲ್ಲೇ ಪಾರ್‌ಗಿಂತ 11 ಕಡಿಮೆ ಮಾಡಿದರು. ಟೈಗರ್ ವುಡ್ಸ್ ಎರಡು ಹೊಡೆತ ಹಿಂದೆ ಉಳಿದರು.

ಇನ್ನು ನಮ್ಮ ಅದಿತಿ ಅಶೋಕ್. ಬೆಂಗಳೂರಿನ ಹುಡುಗಿ. 2021ರ ಆಗಸ್ಟ್ 7, ಶನಿವಾರ. ನಮ್ಮ ಮನೆಯಲ್ಲಿ ಯಾರಿಗೂ ಗಾಲ್ಫ್ ಗೊತ್ತಿರಲಿಲ್ಲ. ಆದರೂ ಬೆಳಗಿನ ಕಾಫಿ ಹಿಡಿದು ಅಜ್ಜಿ ಸಮೇತ ಎಲ್ಲರೂ ಟೋಕಿಯೋ ಒಲಿಂಪಿಕ್ಸ್ ನೋಡಿದೆವು. ಅಲ್ಲಿ ಅತಿ ಕಡಿಮೆ ದೂರ ಹೊಡೆಯುವವರಲ್ಲಿ ಅದಿತಿ ಒಬ್ಬರು. ಬೇರೆಯವರು ಸಣ್ಣ ಐರನ್ ಹಿಡಿಯುವ ಕಡೆ ಇವರು ಉದ್ದ ಕ್ಲಬ್ಬು ಹಿಡಿಯಬೇಕಿತ್ತು. ಆದರೆ ಗ್ರೀನ್ ಮೇಲೆ ಬಂದ ಮೇಲೆ ಅವರ ಪಟ್ಟಿಂಗ್! ಕೊನೆಗೆ 15 ಅಂಡರ್, ಅಂದರೆ ಪಾರ್ ಲೆಕ್ಕಕ್ಕಿಂತ 15 ಕಡಿಮೆ. ನೆಲ್ಲಿ ಕೋರ್ಡಾ 17, ಇನಾಮಿ ಮತ್ತು ಲಿಡಿಯಾ ಕೊ 16. ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿತು. ಕ್ಯಾಡಿಯಾಗಿ ಬ್ಯಾಗ್ ಹೊತ್ತವರು ಅವರ ಅಮ್ಮ. ಅಜ್ಜಿ ಅವತ್ತು ಮಧ್ಯಾಹ್ನ ಊಟ ಸರಿಯಾಗಿ ಮಾಡಲಿಲ್ಲ.

ತನ್ನ ಕೈಯಲ್ಲಿ ಏನಿದೆ, ಏನಿಲ್ಲ ಅಂತ ತಿಳಿದು, ಅಷ್ಟರಿಂದಲೇ ಜಗತ್ತಿನ ಮೊದಲ ಸಾಲಿಗೆ ಬಂದು ನಿಲ್ಲುವುದು. ಧೈರ್ಯ ಅಂದರೆ ನನಗೆ ಅದು.

ಸಂಜೆಮಳೆ

ನೇರಳೆ ಹಣ್ಣು ಅವರೇ, ನಿಮ್ಮ ಅಜ್ಜಿಯ ಮಾತು ಓದಿ ನನಗೂ ಆ ಬೆಳಿಗ್ಗೆ ನೆನಪಾಯಿತು. ಆ ಕೊನೆಯ ಬರ್ಡಿ (ಪಾರ್ ಲೆಕ್ಕಕ್ಕಿಂತ ಒಂದು ಕಡಿಮೆ) ಪಟ್ ಗುಳಿ ಪಕ್ಕದಲ್ಲೇ ಹೋದಾಗ ನಮ್ಮ ಬೀದಿಯಲ್ಲೇ ಯಾರೋ ‘ಅಯ್ಯೋ’ ಅಂದದ್ದು ಕೇಳಿಸಿತ್ತು.

ಸಿಮ್ಸ್ ಬಗ್ಗೆ ನೀವು ಹೇಳಿದ್ದು ಒಪ್ಪುತ್ತೇನೆ. ಸಿನಿಮಾ ಅವನಿಗೆ ಅನ್ಯಾಯ ಮಾಡಿದೆ. ಆದರೆ ಒಂದು ಮಾತು. ಜಾನ್ಸನ್ ಲೇ ಅಪ್ ಮಾಡಿದ್ದು ಗೆಲ್ಲುವುದಕ್ಕೆ. ಸಿಮ್ಸ್ ಕೊನೆಯ ದಿನ ಲೇ ಅಪ್ ಮಾಡಿ ಗೆಲುವಿನ ಓಟದಿಂದಲೇ ಹೊರಗೆ ಬೀಳುತ್ತಾನೆ. ಎರಡೂ ಬೇರೆ, ಅಲ್ವಾ?

ಹೊಸಬ

ಜೇಕಬ್‌ಸನ್ ನಿಜವಾದ ಆಟಗಾರನಾ? ನಾನು ನಟ ಅಂದುಕೊಂಡಿದ್ದೆ.

ಡಲ್ಲಾಸ್ ಕನ್ನಡಿಗ

ನಿಜವಾದ ಆಟಗಾರ. ತಮ್ಮ ಹೆಸರಿನಲ್ಲೇ ಬಂದಿದ್ದಾರೆ. ಫಿಲ್ ಮಿಕಲ್ಸನ್, ಕ್ರೇಗ್ ಸ್ಟ್ಯಾಡ್ಲರ್ ಕೂಡ ಇದ್ದಾರೆ. ಜಿಮ್ ನ್ಯಾಂಟ್ಜ್, ಕೆನ್ ವೆಂಚುರಿ, ಗ್ಯಾರಿ ಮೆಕ್‌ಕಾರ್ಡ್ ಕಾಮೆಂಟರಿಯವರಾಗಿಯೇ ಕಾಣಿಸುತ್ತಾರೆ.

ಈ ಕೊನೆಯ ದೃಶ್ಯ ಹುಟ್ಟಿದ್ದೇ ಮೆಕ್‌ಕಾರ್ಡ್‌ರಿಂದ. ಅವರು ಆಟಗಾರರಾಗಿದ್ದಾಗ ಮೆಂಫಿಸ್‌ನ ಟೂರ್ನಿಯಲ್ಲಿ ನೀರಿರುವ ಹೋಲ್ ಒಂದರಲ್ಲಿ ಹಟ ಹಿಡಿದು ಹೊಡೆದು 16 ಮಾಡಿದ್ದರು. ಸಿನಿಮಾಕ್ಕೆ ಸಲಹೆಗಾರರಾಗಿದ್ದವರೂ ಅವರೇ. ಕಾಸ್ಟ್ನರ್‌ಗೆ ಆಟ ತಿದ್ದಿಕೊಟ್ಟವರಲ್ಲೂ ಅವರಿದ್ದಾರೆ. ಆದ್ದರಿಂದ ‘ಹೀಗೆಲ್ಲಾ ಎಲ್ಲಾದರೂ ಆಗುತ್ತಾ’ ಅನ್ನುವವರಿಗೆ ಉತ್ತರ ಅಲ್ಲೇ ಇದೆ.

ಸಿನಿಮಾ ಬಂದ ಮೇಲೂ ಆಗಿದೆ. 1998ರಲ್ಲಿ ಬೇ ಹಿಲ್ ಟೂರ್ನಿ. ಜಾನ್ ಡೇಲಿ ಆರನೇ ಹೋಲ್‌ನಲ್ಲಿ, ಅದೂ ಪಾರ್ 5, ಆರು ಬಾಲು ನೀರಿಗೆ ಹಾಕಿ 18 ಮಾಡಿದರು. ಕೈಯಲ್ಲಿ ಅದೇ ತ್ರೀ ವುಡ್. 2018ರ ಮಾಸ್ಟರ್ಸ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್ ಸೆರ್ಜಿಯೊ ಗಾರ್ಸಿಯಾ 15ನೇ ಹೋಲ್‌ನಲ್ಲಿ ಐದು ಬಾಲು ನೀರಿಗೆ ಹಾಕಿ 13 ಮಾಡಿದರು. ಗಾರ್ಸಿಯಾ ಹೊಡೆದದ್ದು ಹಟದಿಂದ ಅಲ್ಲ, ಪಾಪ. ಚೆನ್ನಾಗಿ ಹೊಡೆದ ಬಾಲುಗಳೇ ಗ್ರೀನಿಗೆ ಬಿದ್ದು ಹಿಂದಕ್ಕೆ ಉರುಳಿದವು. ಅದನ್ನು ನೋಡುವುದು ತುಂಬಾ ಕಷ್ಟ ಆಗಿತ್ತು.

ಅಂದ ಹಾಗೆ, ರಾಯ್ ಹೊಡೆದ 62 ಆಗ ನಿಜ ಜೀವನದಲ್ಲಿ ಯುಎಸ್ ಓಪನ್‌ನಲ್ಲಿ ಯಾರೂ ಮಾಡಿರಲಿಲ್ಲ. ದಾಖಲೆ 63 ಇತ್ತು. 2023ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ರಿಕಿ ಫೌಲರ್, ಜಾಂಡರ್ ಶಾಫ್ಲಿ ಇಬ್ಬರೂ ಒಂದೇ ದಿನ 62 ಮಾಡಿದರು. ಸಿನಿಮಾ ಬಂದು 27 ವರ್ಷ ಆದ ಮೇಲೆ.

ಲೆಕ್ಕದ ಮೇಷ್ಟ್ರು

ಡೇಲಿ 18 ಮಾಡಿದ ಟೂರ್ನಿ ಗೆದ್ದವರು ಯಾರು? ನೆನಪಿದೆಯಾ ಯಾರಿಗಾದರೂ? ಎರ್ನಿ ಎಲ್ಸ್. ಮಾಲಿ ರಾಯ್‌ಗೆ ಹೇಳುವ ಮಾತು ಇದೇ. ಐದು ವರ್ಷ ಕಳೆದರೆ ಯಾರು ಗೆದ್ದರು ಅಂತ ಮರೆಯುತ್ತಾರೆ, ನಿನ್ನ ಹನ್ನೆರಡು ಮರೆಯಲ್ಲ ಅಂತ.

ಆ ಮಾತು ನಿಜ ಇರಬಹುದು. ಆದರೆ ನನಗೆ ಅದು ನೋವಿನ ಮಾತಾಗಿ ಕೇಳುತ್ತದೆ. 1999ರ ಬ್ರಿಟಿಷ್ ಓಪನ್, ಕಾರ್ನೂಸ್ಟಿ. ಫ್ರಾನ್ಸಿನ ಜಾನ್ ವಾನ್ ಡ ವೆಲ್ಡ ಕೊನೆಯ ಹೋಲ್‌ಗೆ ಬಂದಾಗ ಮೂರು ಹೊಡೆತ ಮುಂದಿದ್ದರು. ಆರು ಮಾಡಿದ್ದರೂ ಗೆಲುವು. ಪ್ಯಾಂಟು ಮಡಚಿ ತೊರೆಯೊಳಗೆ ನಿಂತ ಅವರ ಚಿತ್ರ ಎಲ್ಲರೂ ನೋಡಿದ್ದಾರೆ. ಏಳು ಮಾಡಿದರು. ಪ್ಲೇಆಫ್ ಆಯಿತು. ಗೆದ್ದವರು ಪಾಲ್ ಲಾರಿ. ಆ ದಿನ ಬೆಳಿಗ್ಗೆ ಹತ್ತು ಹೊಡೆತ ಹಿಂದಿದ್ದವರು! ಕೊನೆಯ ದಿನ 67 ಹೊಡೆದು ಬಂದು ಗೆದ್ದರು. ಹತ್ತು ಹೊಡೆತ ಹಿಂದಿನಿಂದ ಬಂದು ಮೇಜರ್, ಅಂದರೆ ಗಾಲ್ಫಿನ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಒಂದನ್ನು, ಗೆದ್ದವರು ಬೇರೆ ಯಾರೂ ಇಲ್ಲ. ಆದರೆ ಆ ಟೂರ್ನಿ ಅಂದ ತಕ್ಷಣ ಜನ ಸೋತವನ ಹೆಸರು ಹೇಳುತ್ತಾರೆ. ಲಾರಿ ಏನು ತಪ್ಪು ಮಾಡಿದ್ದರು?

ನಾನು ಮೇಷ್ಟ್ರು. ತರಗತಿಯಲ್ಲಿ ಸದ್ದಿಲ್ಲದೆ ಲೆಕ್ಕ ಸರಿ ಮಾಡಿ ಕೊಡುವ ಮಕ್ಕಳಿರುತ್ತಾರೆ. ಅವರ ಹೆಸರು ವರ್ಷ ಕಳೆದ ಮೇಲೆ ಬೇಗ ಬಾಯಿಗೆ ಬರುವುದಿಲ್ಲ. ಗಲಾಟೆ ಮಾಡಿದವರ ಹೆಸರು ಬರುತ್ತದೆ. ಇದು ನನ್ನನ್ನು ತುಂಬಾ ದಿನದಿಂದ ಕಾಡುವ ವಿಷಯ. ಅದಕ್ಕೇ ಸಿನಿಮಾದ ಜೇಕಬ್‌ಸನ್‌ಗೂ ಒಂದು ಚಪ್ಪಾಳೆ ಇರಲಿ.

ಟೆಸ್ಟ್ ಕ್ರಿಕೆಟ್ ಪ್ರೇಮಿ

ಮೇಷ್ಟ್ರೇ, ನಿಮಗೂ ಒಂದು ಚಪ್ಪಾಳೆ. ಇದನ್ನು ನಾನು ಯೋಚಿಸಿರಲಿಲ್ಲ.

ಕ್ಯಾಡಿ ಮಗ

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಓದುತ್ತಿದ್ದೇನೆ. ಬರೆಯಲೋ ಬೇಡವೋ ಅಂತ ಇದ್ದೆ.

ನಮ್ಮಪ್ಪ ಬೆಂಗಳೂರಿನ ಒಂದು ಗಾಲ್ಫ್ ಕೋರ್ಸಿನಲ್ಲಿ ಮೂವತ್ತು ವರ್ಷ ಕ್ಯಾಡಿ ಆಗಿದ್ದವರು. ಈಗ ಮಂಡಿ ನೋವು, ಮನೆಯಲ್ಲಿದ್ದಾರೆ. ಬೆಂಗಳೂರಿಗೆ ಗಾಲ್ಫ್ ಹೊಸದೇನಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ. ಅಷ್ಟು ವರ್ಷದಿಂದಲೂ ಯಾರೋ ಒಬ್ಬರು ಬ್ಯಾಗು ಹೊತ್ತಿದ್ದಾರೆ. ಅವರ ಬಗ್ಗೆ ಯಾರೂ ಬರೆದಿಲ್ಲ. ಈ ಸಿನಿಮಾದಲ್ಲಿ ನನಗೆ ಇಷ್ಟವಾದವನು ರಾಯ್ ಅಲ್ಲ, ರೋಮಿಯೋ. ಅವನ ಕ್ಯಾಡಿ. ಚೀಚ್ ಮರೀನ್ ಮಾಡಿದ್ದಾರೆ. ನಿಮ್ಮ ಚರ್ಚೆಯಲ್ಲಿ ಅವನ ಹೆಸರೇ ಬಂದಿಲ್ಲ ಅಂತ ಸ್ವಲ್ಪ ಬೇಜಾರಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಅಪ್ಪನಿಗೆ ಸಿನಿಮಾ ತೋರಿಸಿದೆ. ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಆದರೆ ಗಾಲ್ಫ್ ಇರುವ ಕಡೆ ನಾನು ಒಂದು ಮಾತೂ ಬಿಡಿಸಿ ಹೇಳಬೇಕಾಗಲಿಲ್ಲ. ಅರ್ಹತಾ ಸುತ್ತಿನಲ್ಲಿ ಒಂದು ಜಗಳ ಇದೆಯಲ್ಲ? ರಾಯ್ ಡ್ರೈವರ್ ಅನ್ನುವ ಉದ್ದ ಕ್ಲಬ್ಬು ಕೇಳುತ್ತಾನೆ, ರೋಮಿಯೋ ಬೇಡ ಅನ್ನುತ್ತಾನೆ. ಜಗಳದಲ್ಲಿ ಕ್ಲಬ್ಬುಗಳು ಒಂದೊಂದಾಗಿ ಮುರಿಯುತ್ತವೆ. ಸೆವೆನ್ ಐರನ್ ಒಂದೇ ಉಳಿಯುತ್ತದೆ. ರೋಮಿಯೋ ಬಿಟ್ಟು ಹೋಗುತ್ತಾನೆ. ಅದೊಂದೇ ಕ್ಲಬ್ಬಿನಲ್ಲಿ ರಾಯ್ ಉಳಿದ ಹೋಲ್‌ಗಳನ್ನು ಆಡಿ ಮುಗಿಸುತ್ತಾನೆ. ಎಲ್ಲರೂ ಅಲ್ಲಿ ನಗುತ್ತಾರೆ. ಅಪ್ಪ ನಗಲಿಲ್ಲ. ‘ಅವ್ನು ಹೋಗಿದ್ದು ಸರಿ’ ಅಂದರು.

ಕೊನೆಯ ಹೋಲ್ ಬಂತು. ಮೊದಲ ಬಾಲು ಉರುಳಿ ನೀರಿಗೆ ಹೋಯಿತು. ಅಪ್ಪ ಎದ್ದು ಕೂತರು. ಎರಡನೆಯದು, ಮೂರನೆಯದು. ಅಪ್ಪನ ತುಟಿ ಅಲುಗುತ್ತಿತ್ತು. ಪ್ರಾರ್ಥನೆ ಮಾಡುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಎಣಿಸುತ್ತಿದ್ದರು. ಬ್ಯಾಗಿನಲ್ಲಿ ಬಾಲು ಎಷ್ಟು ಉಳಿದಿದೆ ಅಂತ. ಸಿನಿಮಾದಲ್ಲಿ ಇದೇ ಕೊನೆಯದು ಅಂತ ಗೊತ್ತಾಗುವ ಮುಂಚೆಯೇ ಅಪ್ಪ ಹೇಳಿದರು, ‘ಇನ್ನು ಜಾಸ್ತಿ ಇರಲ್ಲ ಕಣೋ’ ಅಂತ. ಮೂವತ್ತು ವರ್ಷ ಬೆಳಿಗ್ಗೆ ಬ್ಯಾಗಿಗೆ ಬಾಲು ಹಾಕಿದ ಕೈ ಅದು.

ಸಂಜೆಮಳೆ

ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ರೋಮಿಯೋನನ್ನು ನಾನು ಮರೆತದ್ದು ತಪ್ಪು. ಕ್ಷಮಿಸಿ. ನಿಮ್ಮಪ್ಪ ಏನಂದರು ಕೊನೆಗೆ? ರೋಮಿಯೋ ಆ ಬಾಲುಗಳನ್ನು ಕೊಡಬಾರದಿತ್ತಾ?

ಡಲ್ಲಾಸ್ ಕನ್ನಡಿಗ

ನಾನೂ ಕಾಯುತ್ತಿದ್ದೇನೆ. ಅಷ್ಟರಲ್ಲಿ ಬಾಲಿನ ಬಗ್ಗೆ ಒಂದು ವಿಷಯ. ಬಾಲು ಮುಗಿದ ಮಾತ್ರಕ್ಕೆ ಆಟದಿಂದ ಹೊರಗೆ ಅಂತ ನಿಯಮ ಹೇಳುವುದಿಲ್ಲ. ಬೇರೆಯವರಿಂದ ಬಾಲು ಪಡೆಯಬಹುದು. ಆದರೆ ದೊಡ್ಡ ಟೂರ್ನಿಗಳಲ್ಲಿ ಒಂದು ಸುತ್ತು ಪೂರ್ತಿ ಒಂದೇ ಕಂಪನಿಯ ಒಂದೇ ಮಾದರಿಯ ಬಾಲು ಬಳಸಬೇಕು ಅನ್ನುವ ಕಟ್ಟು ಇರುತ್ತದೆ. ಹಾಗಾಗಿ ಪಕ್ಕದವನ ಹತ್ತಿರ ಅದೇ ಬಾಲು ಇಲ್ಲದಿದ್ದರೆ ಕಷ್ಟ. ಕೊನೆಯ ಬಾಲು ಅನ್ನುವ ಭಯ ಸಿನಿಮಾಕ್ಕಾಗಿ ಕಟ್ಟಿದ್ದಲ್ಲ.

ಕ್ಯಾಡಿ ಮಗ

ಮೇಡಂ, ಅಪ್ಪನ್ನ ಇವತ್ತು ಮತ್ತೆ ಕೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

‘ಹೇಳೋದು ಒಂದು ಸಲ ಹೇಳ್ಬೇಕು. ಗಟ್ಟಿಯಾಗಿ ಹೇಳ್ಬೇಕು. ಕೇಳ್ಲಿಲ್ಲ ಅಂದ್ರೆ ಕೇಳಿದ ಕ್ಲಬ್ಬು ಕೊಡ್ಬೇಕು. ಕೊಡುವಾಗ ಮುಖ ಸಿಂಡರಿಸಬಾರದು. ಸಿಂಡರಿಸಿದ್ರೆ ಅವ್ನ ಕೈ ನಡುಗುತ್ತೆ. ಆಮೇಲೆ ಆ ಬಾಲು ನೀರಿಗೆ ಬೀಳೋದಕ್ಕೆ ನಾನೂ ಕಾರಣ ಆಗ್ತೀನಿ.’

ನಾನು ಕೇಳಿದೆ, ರೋಮಿಯೋಗೂ ನಷ್ಟ ಅಲ್ವಾ ಅಪ್ಪ? ಗೆದ್ದಿದ್ದರೆ ಅವನಿಗೂ ಪಾಲು ಸಿಗುತ್ತಿತ್ತು. ದೊಡ್ಡ ಟೂರ್ನಿ ಗೆದ್ದರೆ ಕ್ಯಾಡಿಗೆ ನೂರಕ್ಕೆ ಹತ್ತು ಕೊಡುವುದು ರೂಢಿ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಮೊದಲು ಜಗಳ ಆಡಿ ಹೋದ್ನಲ್ಲ, ಅವತ್ತು ದುಡ್ಡಿಗೆ ಹೋದ. ಕೊನೇಲಿ ನಿಂತ್ನಲ್ಲ, ಅದು ದುಡ್ಡಿಗಲ್ಲ’ ಅಂದರು.

ನೇರಳೆ ಹಣ್ಣು

ಇದನ್ನು ನಾಲ್ಕು ಸಲ ಓದಿದೆ. ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಬಿಡದಿ ಹತ್ತಿರ ಈಗಲ್‌ಟನ್ ಗಾಲ್ಫ್ ಕೋರ್ಸ್ ಪಕ್ಕದ ಹಳ್ಳಿಯಿಂದ ಬಂದ ಚಿಕ್ಕರಂಗಪ್ಪ ಇವತ್ತು ದೊಡ್ಡ ಆಟಗಾರ. ಕೋರ್ಸಿನ ಬೇಲಿ ಆಚೆಯಿಂದ ಆಟ ಕಲಿತು ಒಳಗೆ ಬಂದವರು ನಮ್ಮಲ್ಲೂ ಇದ್ದಾರೆ. ರಾಯ್‌ನ ಧೂಳು ಹಿಡಿದ ರೇಂಜ್ ನೋಡುವಾಗ ನನಗೆ ಅದೇ ಅನ್ನಿಸುತ್ತದೆ. ಹಾಗೆ ಬಂದವರಿಗೆ ಒಂದು ಅವಕಾಶ ತಪ್ಪಿದರೆ ಇನ್ನೊಂದು ಸಿಗುತ್ತದೆ ಅನ್ನುವ ನಂಬಿಕೆ ಇರುವುದಿಲ್ಲ. ನನ್ನ ಸಿಟ್ಟು ಅದಕ್ಕೇ ಜಾಸ್ತಿ ಇತ್ತು. ಕೈಗೆ ಬಂದದ್ದನ್ನು ಎಸೆದನಲ್ಲ ಅಂತ.

ಟೆಸ್ಟ್ ಕ್ರಿಕೆಟ್ ಪ್ರೇಮಿ

ಅದೇ 1996ರಲ್ಲಿ ‘ಹ್ಯಾಪಿ ಗಿಲ್ಮೋರ್’ ಕೂಡ ಬಂತು. ಅದೂ ಗಾಲ್ಫ್ ಕಾಮಿಡಿ. ಅಲ್ಲಿ ಹೀರೋ ಟೂರ್ನಿ ಗೆದ್ದು ಅಜ್ಜಿಯ ಮನೆ ಉಳಿಸಿಕೊಳ್ಳುತ್ತಾನೆ. ನೋಡಿದಾಗ ಖುಷಿಯಾಯಿತು. ಆದರೆ ಅದರ ಕೊನೆಯ ಬಗ್ಗೆ ಯಾರೂ ಮೂರು ದಿನ ಹೀಗೆ ಮಾತಾಡಿದ್ದು ನಾನು ನೋಡಿಲ್ಲ.

ಸಂಜೆಮಳೆ

ಕ್ಯಾಡಿ ಮಗ ಅವರ ಅಪ್ಪನ ಮಾತು ಓದಿ ರಾತ್ರಿ ಕೊನೆಯ ಹದಿನೈದು ನಿಮಿಷ ಮತ್ತೆ ಹಾಕಿ ನೋಡಿದೆ. ಈ ಸಲ ರಾಯ್‌ನನ್ನು ಬಿಟ್ಟು ರೋಮಿಯೋನನ್ನು ನೋಡಿದೆ.

ನನಗೆ ಈಗ ಹೀಗೆ ಅನ್ನಿಸುತ್ತಿದೆ. ನಾವು ಆ ಆರು ಹೊಡೆತಗಳನ್ನು ಒಂದೇ ಅಂತ ಎಣಿಸಿ ಸರಿ ತಪ್ಪು ಕೇಳುತ್ತಿದ್ದೇವೆ. ಅವು ಒಂದೇ ಅಲ್ಲ. ಮೊದಲನೆಯದು ಗೆಲ್ಲುವುದಕ್ಕೆ ಹೊಡೆದದ್ದು. ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ನಡುವಿನ ನಾಲ್ಕು ಸಿಟ್ಟಿಗೆ ಹೊಡೆದದ್ದು. ಗಾಳಿಯ ಮೇಲೆ ಸಿಟ್ಟು, ಸಿಮ್ಸ್ ಮೇಲೆ ಸಿಟ್ಟು, ಕಾಲೇಜಿನ ದಿನದ ತನ್ನ ಮೇಲೇ ಸಿಟ್ಟು. ನನಗೆ ಕೋಪ ಬಂದದ್ದು ಆ ನಾಲ್ಕರ ಮೇಲೆ. ಆಗ ಓಪನ್ ಹೋಯಿತು, ರೋಮಿಯೋನ ಪಾಲೂ ಹೋಯಿತು. ಆದರೆ ಕೊನೆಯ ಬಾಲು ಹಿಡಿದಾಗ ಗೆಲ್ಲುವುದಕ್ಕೆ ಏನೂ ಉಳಿದಿರಲಿಲ್ಲ. ಸಿಟ್ಟು ಮಾಡಿಕೊಳ್ಳುವುದಕ್ಕೂ ಉಳಿದಿರಲಿಲ್ಲ. ಬರೀ ಒಂದು ಹೊಡೆತ, ತನಗೆ ಬರುತ್ತದೆ ಅಂತ ಅವನಿಗೆ ಗೊತ್ತಿರುವ ಹೊಡೆತ. ಅದನ್ನು ಮಾತ್ರ ಹೊಡೆದ. ನನ್ನ ಕಣ್ಣು ತುಂಬಿದ್ದು ಅದಕ್ಕೆ.

ನನಗೆ ಇಪ್ಪತ್ತು ವರ್ಷ ಆಗಿದ್ದಾಗ ಆರೂ ಒಂದೇ ಅಂತ ಕಂಡಿತ್ತು. ಅದಕ್ಕೇ ಆಗ ಬರೀ ಚಪ್ಪಾಳೆ.

ಲೆಕ್ಕದ ಮೇಷ್ಟ್ರು

ಒಂದು, ನಾಲ್ಕು, ಒಂದು. ಈ ಲೆಕ್ಕ ನನಗೆ ಒಪ್ಪಿಗೆ.

ಡಲ್ಲಾಸ್ ಕನ್ನಡಿಗ

ನಾನು ನಾಲ್ಕನೆಯದು ತಪ್ಪು ಅಂದಿದ್ದೆ. ಈಗಲೂ ಅನ್ನುತ್ತೇನೆ. ಆದರೆ ಹನ್ನೆರಡನೆಯದನ್ನು ತಪ್ಪು ಅನ್ನಲು ಬಾಯಿ ಬರುತ್ತಿಲ್ಲ. ಮುಂದಿನ ವರ್ಷ ಅವನು ಮತ್ತೆ ಅದೇ ಹೋಲ್‌ಗೆ ಬಂದರೆ ಏನು ಮಾಡುತ್ತಾನೆ ಅಂತ ಯೋಚನೆ.

ಹೊಸಬ

ತ್ರೀ ವುಡ್ ಕೇಳುತ್ತಾನೆ ಸರ್. ಇಷ್ಟು ಓದಿದ ಮೇಲೆ ನನಗೇ ಗೊತ್ತಾಗಿದೆ.

ಕ್ಯಾಡಿ ಮಗ

ಇದನ್ನೆಲ್ಲಾ ಅಪ್ಪನಿಗೆ ಓದಿ ಹೇಳಿದೆ. ಅದಿತಿ ಅವರ ಅಮ್ಮ ಬ್ಯಾಗ್ ಹೊತ್ತ ವಿಷಯ ಕೇಳಿ ತುಂಬಾ ಸಂತೋಷಪಟ್ಟರು. ಅದನ್ನು ಎರಡು ಸಲ ಓದಿಸಿದರು.

ಮಲಗುವ ಮುಂಚೆ ಅಪ್ಪ ಒಂದು ಮಾತು ಕೇಳಿದರು. ಆ ನೀರಿಗೆ ಬಿದ್ದ ಐದು ಬಾಲು ಏನಾಯಿತು ಅಂತ. ಚಿಕ್ಕ ವಯಸ್ಸಿನಲ್ಲಿ ಅಪ್ಪ ಕೋರ್ಸಿನ ಕೊಳಕ್ಕೆ ಇಳಿದು, ಕೆಸರಿನಲ್ಲಿ ಕಾಲಿನಿಂದ ತಡಕಿ ಬಾಲು ತೆಗೆಯುತ್ತಿದ್ದರಂತೆ. ತೊಳ್ದು, ಒರೆಸಿ, ಆಟಗಾರರಿಗೇ ಮಾರುತ್ತಿದ್ದರಂತೆ. ಆ ದುಡ್ಡಿನಲ್ಲಿ ನಮ್ಮತ್ತೆಗೆ ಸ್ಕೂಲ್ ಪುಸ್ತಕ ಬರುತ್ತಿತ್ತು.

‘ಮಾರ್ನೇ ದಿನ ಬೆಳಿಗ್ಗೆ ಆ ನೀರಿಗೆ ಯಾವ್ದೋ ಹುಡುಗ ಇಳಿದಿರ್ತಾನೆ. ಐದೂ ಒಂದೇ ಕಡೆ ಸಿಕ್ಕಿರುತ್ತೆ. ನಾನಾಗಿದ್ರೆ ನಾಲ್ಕು ಮಾರ್ತಿದ್ದೆ. ಒಂದು ಇಟ್ಕೊಳ್ತಿದ್ದೆ’ ಅಂದರು.

ಯಾವುದು ಅಂತ ಹೇಗೆ ಗೊತ್ತಾಗುತ್ತೆ ಅಪ್ಪ ಅಂತ ಕೇಳಿದೆ. ಅಷ್ಟರಲ್ಲಿ ನಿದ್ದೆ ಹೋಗಿದ್ದರು.